ಅರ್ಧ ದಾರಿ ಬಂದವರಿಗೆ ಬಾಗಿಲು ಮುಚ್ಚಬೇಡಿ: ಕೆನಡಾದ ವಲಸೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವೆ ಲೀನಾ ಮೆಟ್ಲೆಜ್ ಡಿಯಾಬ್ ಅವರಿಗೆ,

ನಾನು ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹುಡುಗ ಹುಡುಗಿಯರು ವಿದೇಶದ ಓದಿಗೆ ಶಿಫಾರಸು ಪತ್ರ ಕೇಳಿಕೊಂಡು ಸ್ಟಾಫ್ ರೂಮಿಗೆ ಬರುತ್ತಾರೆ. ಮೊದಲೆಲ್ಲ ಅವರ ಬಾಯಲ್ಲಿ ಟೊರಾಂಟೊ, ವ್ಯಾಂಕೂವರ್ ಹೆಸರುಗಳಷ್ಟೇ ಇರುತ್ತಿದ್ದವು. ಆಮೇಲೆ ನಾನು ಭೂಪಟದಲ್ಲಿ ಹುಡುಕಬೇಕಾದ ಊರುಗಳು ಬರತೊಡಗಿದವು: ಶಾರ್ಲಟ್‌ಟೌನ್, ಮಾಂಕ್ಟನ್, ಸೇಂಟ್ ಜಾನ್ಸ್, ಕೇಪ್ ಬ್ರೆಟನ್ ದ್ವೀಪದ ಸಿಡ್ನಿ. ನೆಂಟರಿಲ್ಲದ, ನಮ್ಮವರು ವಿರಳವಾಗಿರುವ, ಅಷ್ಟು ಚಳಿಯ ಊರಿಗೆ ಯಾಕೆ ಹೋಗುತ್ತೀರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. 'ಸರ್, ಅಲ್ಲಿ ಜನ ಬೇಕಂತೆ. ಓದಿ ಕೆಲಸಕ್ಕೆ ಸೇರಿದರೆ ಪಿಆರ್ ಬೇಗ ಆಗುತ್ತೆ.'

ಈ ಮಾತನ್ನು ಅವರು ಕನಸಿನಲ್ಲಿ ಕಂಡದ್ದಲ್ಲ. ನಿಮ್ಮ ಸರ್ಕಾರವೂ ನಿಮ್ಮ ಪ್ರಾಂತ್ಯಗಳೂ ಹೇಳಿದ್ದನ್ನೇ ಕೇಳಿಸಿಕೊಂಡು ಹೇಳುತ್ತಿದ್ದರು. ಈ ಪತ್ರವನ್ನು ನಿಮಗೇ ಬರೆಯಲು ಕಾರಣವಿದೆ. ನೀವು ಹ್ಯಾಲಿಫ್ಯಾಕ್ಸ್‌ನವರು. ಬಾಲ್ಯವನ್ನು ಲೆಬನಾನಿನಲ್ಲಿ ಕಳೆದು, ಅಂತರ್ಯುದ್ಧದ ಕಾಲದಲ್ಲಿ ಕುಟುಂಬದೊಂದಿಗೆ ಕೆನಡಾಕ್ಕೆ ಮರಳಿದವರು. 2025ರ ಮೇ ತಿಂಗಳಲ್ಲಿ ಇಡೀ ದೇಶದ ವಲಸೆ ಖಾತೆ ನಿಮ್ಮ ಕೈಗೆ ಬರುವುದಕ್ಕೂ ಬಹಳ ಮುಂಚೆ, 2013ರಲ್ಲಿ, ನೋವಾ ಸ್ಕೋಷಿಯಾ ಪ್ರಾಂತ್ಯದ ವಲಸೆ ಖಾತೆಯನ್ನು ನೀವೇ ನೋಡಿಕೊಳ್ಳತೊಡಗಿದ್ದಿರಿ. ಮರು ವರ್ಷ ರೇ ಐವನಿ ಆಯೋಗದ ವರದಿ ಬಂತು. ಪ್ರಾಂತ್ಯಕ್ಕೆ ವಯಸ್ಸಾಗುತ್ತಿದೆ, ಯುವಕರು ಬಿಟ್ಟುಹೋಗುತ್ತಿದ್ದಾರೆ, ಹೊರಗಿನಿಂದ ಜನ ಬರದಿದ್ದರೆ ಉಳಿಗಾಲವಿಲ್ಲ ಎಂಬುದು ಅದರ ತಿರುಳು. ಜನ ಬೇಕು ಎಂದು ಆ ಪ್ರಾಂತ್ಯ ಕೂಗಿ ಕರೆದ ಕಾಲದಲ್ಲಿ ಆ ಖಾತೆಯ ಹೊಣೆ ನಿಮ್ಮದಾಗಿತ್ತು. ಈಗ ನಾನು ಹೇಳಹೊರಟಿರುವುದನ್ನು ನಿಮ್ಮಷ್ಟು ಬಲ್ಲವರು ಒಟ್ಟಾವಾದಲ್ಲಿ ಹೆಚ್ಚು ಜನ ಇರಲಾರರು.

ಕನ್ನಡದ ಓದುಗರೂ ಈ ಪತ್ರ ನೋಡುತ್ತಾರೆ. ಅವರಿಗಾಗಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆನಡಾದಲ್ಲಿ ವಲಸಿಗರನ್ನು ಆರಿಸುವುದು ಕೇಂದ್ರ ಸರ್ಕಾರ ಮಾತ್ರವಲ್ಲ. 1998ರಲ್ಲಿ ಮ್ಯಾನಿಟೋಬಾದಿಂದ ಶುರುವಾದ ಪ್ರಾಂತೀಯ ನಾಮನಿರ್ದೇಶನ ಪದ್ಧತಿಯಲ್ಲಿ ಆಯಾ ಪ್ರಾಂತ್ಯ ತನಗೆ ಬೇಕಾದವರ ಹೆಸರು ಸೂಚಿಸುತ್ತದೆ. ಕಾಯಂ ವಾಸದ, ಅಂದರೆ ಪಿಆರ್‌ನ, ಮುದ್ರೆ ಒತ್ತುವುದು ಕೇಂದ್ರ. ಕ್ವಿಬೆಕ್‌ಗೆ ತನ್ನದೇ ಬೇರೆ ಒಪ್ಪಂದವಿದೆ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಗಳ ಪೈಪೋಟಿಯಲ್ಲಿ ಒಂದು ಪ್ರಾಂತ್ಯ ನಿಮ್ಮ ಹೆಸರು ಹೇಳಿದರೆ 600 ಅಂಕ ಸಿಗುತ್ತದೆ. ಅಷ್ಟು ಸಿಕ್ಕಮೇಲೆ ಕಾಯಂ ವಾಸ ಬಹುತೇಕ ಖಚಿತ. ಇದರ ಜೊತೆಗೆ 2017ರಲ್ಲಿ ಅಟ್ಲಾಂಟಿಕ್ ತೀರದ ನಾಲ್ಕು ಪ್ರಾಂತ್ಯಗಳಿಗೆಂದೇ ಒಂದು ಪ್ರಾಯೋಗಿಕ ಯೋಜನೆ ಬಂತು. ಅದು 2022ರ ಜನವರಿಯಲ್ಲಿ ಕಾಯಂ ಆಯಿತು. 2019ರಲ್ಲಿ ಸಡ್‌ಬರಿ, ಥಂಡರ್ ಬೇ, ಬ್ರ್ಯಾಂಡನ್, ಮೂಸ್ ಜಾ ಮೊದಲಾದ 11 ಸಣ್ಣ ಊರುಗಳಿಗೆ ಇನ್ನೊಂದು ಯೋಜನೆ ಬಂತು. ಅದು ಮುಗಿದು, 2025ರ ಜನವರಿಯಲ್ಲಿ 14 ಊರುಗಳ ಹೊಸ ಯೋಜನೆ ಶುರುವಾಯಿತು.

ಅಟ್ಲಾಂಟಿಕ್ ಯೋಜನೆಯ ಷರತ್ತುಗಳನ್ನು ನಾನು ಕೂತು ಓದಿದ್ದೇನೆ. ಪ್ರಾಂತ್ಯ ಗುರುತಿಸಿದ ಮಾಲೀಕನಿಂದ ಕೆಲಸದ ಆಹ್ವಾನ ಬೇಕು. ಕೆಲಸಗಾರನಿಗೆ ಹಿಂದಿನ ಐದು ವರ್ಷಗಳಲ್ಲಿ 1,560 ಗಂಟೆಗಳ ಅನುಭವ ಇರಬೇಕು, ಅದೂ ಕನಿಷ್ಠ 12 ತಿಂಗಳಲ್ಲಿ ಹರಡಿಕೊಂಡಿರಬೇಕು. ಅಲ್ಲಿಯೇ ಓದಿದವರಿಗೆ ಅನುಭವದ ಷರತ್ತಿಲ್ಲ. ಆದರೆ ಎರಡು ವರ್ಷಗಳ ಪೂರ್ಣಾವಧಿ ಕೋರ್ಸ್ ಮುಗಿಸಿರಬೇಕು, ಪದವಿಗೆ ಮುಂಚಿನ ಎರಡು ವರ್ಷಗಳಲ್ಲಿ ಕನಿಷ್ಠ 16 ತಿಂಗಳು ಆ ಪ್ರದೇಶದಲ್ಲೇ ವಾಸವಿದ್ದಿರಬೇಕು. ಮತ್ತೊಂದು ಕಾಗದ ನನ್ನ ಗಮನ ಸೆಳೆಯಿತು. ಅರ್ಜಿದಾರ ತನ್ನ ಮತ್ತು ತನ್ನ ಕುಟುಂಬದ 'ನೆಲೆಸುವ ಯೋಜನೆ'ಯನ್ನು ಒಂದು ಸೇವಾ ಸಂಸ್ಥೆಯ ನೆರವಿನಿಂದ ತಯಾರಿಸಿ ಕೊಡಬೇಕು. ಮನೆ ಹೇಗೆ, ಮಕ್ಕಳ ಶಾಲೆ ಯಾವುದು, ವೈದ್ಯರು ಎಲ್ಲಿ ಸಿಗುತ್ತಾರೆ, ಊರಿನಲ್ಲಿ ಜನರ ಪರಿಚಯ ಹೇಗೆ ಮಾಡಿಕೊಳ್ಳುತ್ತೀರಿ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಬಹಳ ಒಳ್ಳೆಯ ಕಾಗದ ಅದು. ದುಡಿಯುವ ಕೈಯನ್ನು ಮಾತ್ರವಲ್ಲ, ಮನುಷ್ಯನನ್ನೂ ಅವನ ಸಂಸಾರವನ್ನೂ ಕರೆಯುತ್ತಿದ್ದೇವೆ ಎಂದು ಒಪ್ಪಿಕೊಂಡ ಸರ್ಕಾರ ಮಾತ್ರ ಇಂಥ ಕಾಗದ ಕೇಳುತ್ತದೆ. ಹಾಗಾಗಿಯೇ ಮುಂದೆ ನಡೆದದ್ದು ನನಗೆ ಅಷ್ಟು ನೋವು ತಂದಿತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳುತ್ತೇನೆ. ಅರಸೀಕೆರೆ ಕಡೆಯ ಹುಡುಗಿ. ತಂದೆಗೆ ತೆಂಗಿನ ತೋಟ, ತಾಯಿ ಅಂಗನವಾಡಿ ಕಾರ್ಯಕರ್ತೆ. 2021ರಲ್ಲಿ ಬ್ಯಾಂಕ್ ಸಾಲ ತೆಗೆದು ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿಗೆ ಎರಡು ವರ್ಷಗಳ ಡಿಪ್ಲೊಮಾ ಓದಲು ಹೋದಳು. 2023ರಲ್ಲಿ ಮುಗಿಸಿದಳು. ಓದಿನ ನಂತರ ಕೆಲಸ ಮಾಡುವ ಪರ್ಮಿಟ್ ಮೂರು ವರ್ಷಕ್ಕೆ ಸಿಕ್ಕಿತು. ಅದು ಜೀವನದಲ್ಲಿ ಒಂದೇ ಸಲ ಸಿಗುವ ಪರ್ಮಿಟ್. ಶಾರ್ಲಟ್‌ಟೌನಿನ ಒಂದು ಹೋಟೆಲಿನಲ್ಲಿ ಊಟದ ವಿಭಾಗದ ಮೇಲ್ವಿಚಾರಕಿಯಾದಳು. ಸಂಬಳದ ಚೀಟಿ, ತೆರಿಗೆ ಕಾಗದ, ಬಾಡಿಗೆ ಕರಾರು ಎಲ್ಲವನ್ನೂ ತಿಂಗಳುವಾರು ಜೋಡಿಸಿದ ನೀಲಿ ಫೈಲನ್ನು ವಿಡಿಯೊ ಕರೆಯಲ್ಲಿ ನನಗೆ ತೋರಿಸುತ್ತಿದ್ದಳು, ಪ್ರಾಜೆಕ್ಟ್ ವರದಿ ತೋರಿಸುವಂತೆ. ಒಂದು ವರ್ಷ ಆ ಕೆಲಸದಲ್ಲಿ ನಿಂತರೆ ಪ್ರಾಂತ್ಯ ತನ್ನ ಹೆಸರು ಸೂಚಿಸುತ್ತದೆ ಎಂದು ಅವಳು ನಂಬಿದ್ದಳು. ಅವಳಿಗಿಂತ ಹಿಂದಿನ ಬ್ಯಾಚಿನವರಿಗೆ ಹಾಗೇ ಆಗಿತ್ತು.

2024ರ ಫೆಬ್ರವರಿಯಲ್ಲಿ ಪ್ರಾಂತ್ಯ ಸರ್ಕಾರ ತನ್ನ ನಾಮನಿರ್ದೇಶನಗಳನ್ನು ಶೇ 25ರಷ್ಟು ಇಳಿಸುವುದಾಗಿ ಪ್ರಕಟಿಸಿತು. ಆರೋಗ್ಯ, ಮಕ್ಕಳ ಆರೈಕೆ, ಕಟ್ಟಡ ನಿರ್ಮಾಣ ಮುಂದೆ. ಮಾರಾಟ ಮತ್ತು ಸೇವಾ ವಲಯ ಹಿಂದೆ. ಹೊಸ ನಿಯಮ ಹೊಸದಾಗಿ ಬರುವವರಿಗೆ ಮಾತ್ರ ಎಂದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಅದು ಆಗಲೇ ಅಲ್ಲಿ ಓದಿ ಮುಗಿಸಿದವರಿಗೂ, ಆಗಲೇ ಕೆಲಸಕ್ಕೆ ನಿಂತವರಿಗೂ ಅನ್ವಯಿಸಿತು. ಮೇ ತಿಂಗಳಲ್ಲಿ ಪ್ರಾಂತ್ಯದ ಪುಟ್ಟ ರಾಜಧಾನಿ ಶಾರ್ಲಟ್‌ಟೌನಿನಲ್ಲಿ ಯುವಕ ಯುವತಿಯರು ಬೀದಿಗಿಳಿದರು. ಹೆಚ್ಚಿನವರು ಭಾರತದಿಂದ ಹೋದವರು. ಕೆಲವರು ಉಪವಾಸ ಕೂತರು. ಅವರ ಮುಖ್ಯ ಬೇಡಿಕೆ ತೀರಾ ಸಾಧಾರಣವಾದದ್ದು: ನಿಯಮ ಬದಲಾಗುವ ಮುಂಚೆಯೇ ಇಲ್ಲಿ ಕೆಲಸದಲ್ಲಿದ್ದ ನಮ್ಮನ್ನು ಹಳೆಯ ನಿಯಮದಂತೆ ನೋಡಿ.

ನನ್ನ ವಿದ್ಯಾರ್ಥಿನಿ ಉಪವಾಸ ಕೂರಲಿಲ್ಲ, ಆದರೆ ಶಿಫ್ಟ್ ಮುಗಿಸಿ ಅಲ್ಲಿ ಹೋಗಿ ನಿಲ್ಲುತ್ತಿದ್ದಳು. ನಮ್ಮಲ್ಲಿ ಬೆಳಿಗ್ಗೆ ಎಂಟೂವರೆ ಎಂದರೆ ಬೇಸಿಗೆಯಲ್ಲಿ ಅವರಿಗೆ ನಡುರಾತ್ರಿ. ಒಂದು ದಿನ ಆ ಹೊತ್ತಿಗೆ ಅವಳ ಫೋನ್ ಬಂತು. 'ಸರ್, ನಾನು ತಪ್ಪು ಕೆಲಸ ಆರಿಸಿಕೊಂಡೆನಾ?' ಎಂದು ಕೇಳಿದಳು. ಅವಳು ಅದನ್ನು ಆರಿಸಿಕೊಂಡಾಗ ಅದು ಸರಿಯಾದ ಕೆಲಸವೇ ಆಗಿತ್ತು ಎಂದೆ. ಬೇರೆ ಏನು ಹೇಳಲಿ? ಆಮೇಲೆ ಅವಳು ಹೋಟೆಲ್ ಬಿಟ್ಟು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿದಳು. ಅದಕ್ಕೆ ಬೇರೆ ತರಬೇತಿ, ಬೇರೆ ಶುಲ್ಕ. ಅನುಭವದ ಲೆಕ್ಕ ಮತ್ತೆ ಸೊನ್ನೆಯಿಂದ. 2026ರಲ್ಲಿ ಅವಳ ಪರ್ಮಿಟ್ ಮುಗಿಯುತ್ತದೆ.

ಪ್ರಾಂತ್ಯದ ತೀರ್ಮಾನಕ್ಕೆ ಕೇಂದ್ರ ಹೇಗೆ ಹೊಣೆ ಎಂದು ನೀವು ಕೇಳಬಹುದು. ಅಂಕಿಗಳನ್ನೇ ನೋಡೋಣ. 2024ಕ್ಕೆ ಪ್ರಾಂತೀಯ ನಾಮನಿರ್ದೇಶನದ ಗುರಿ 1,10,000. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾದ ಯೋಜನೆಯಲ್ಲಿ 2025ಕ್ಕೆ ಅದು 55,000ಕ್ಕೆ ಇಳಿಯಿತು, ಸರಿಯಾಗಿ ಅರ್ಧ. ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್‌ಗೆ ಅಟ್ಲಾಂಟಿಕ್ ಯೋಜನೆಯೂ ಸೇರಿ 3,050 ಇದ್ದದ್ದು ಆರಂಭದಲ್ಲಿ 1,525 ಆಯಿತು. ಒಂಟಾರಿಯೊದ 21,500 ಇದ್ದದ್ದು 10,750. 2026ಕ್ಕೆ ನೀವು ಇಡೀ ದೇಶದ ಗುರಿಯನ್ನು ಮತ್ತೆ 91,500ಕ್ಕೆ ಏರಿಸಿದ್ದೀರಿ. ಏರಿಸಿದ್ದಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೆ ಮೂರು ವರ್ಷಗಳ ಈ ಗುರಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಒಂದೇ ಕಾಲೇಜು, ಒಂದೇ ಕೋರ್ಸ್, ಒಂದೇ ಹುದ್ದೆ, ಒಂದೇ ಸಂಬಳದ ಮೂವರಲ್ಲಿ ಒಬ್ಬನ ಪರ್ಮಿಟ್ 2024ರಲ್ಲಿ ಮುಗಿದರೆ ಅವನು ಉಳಿದುಕೊಂಡ. 2025ರಲ್ಲಿ ಮುಗಿದವನು ಸೂಟ್‌ಕೇಸ್ ಕಟ್ಟಿದ. 2026ರವನಿಗೆ ಮತ್ತೆ ಆಸೆ. ಇದರಲ್ಲಿ ಯೋಗ್ಯತೆಯ ಮಾತೇ ಇಲ್ಲ. ಪರ್ಮಿಟ್ ಮೇಲಿನ ತಾರೀಕು ಒಬ್ಬ ಮನುಷ್ಯನ ಐದು ವರ್ಷಗಳ ದುಡಿಮೆಯನ್ನು ತೀರ್ಮಾನಿಸಿತು. ದೇಶವೊಂದು ವಲಸಿಗರನ್ನು ಆರಿಸುವ ರೀತಿ ಇದಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಯಾರು ಬರಬೇಕು, ಎಷ್ಟು ಜನ ಬರಬೇಕು ಎಂದು ತೀರ್ಮಾನಿಸುವುದು ಪ್ರತಿ ದೇಶದ ಹಕ್ಕು. ಕಾಲೇಜುಗಳು ಶುಲ್ಕದ ಆಸೆಗೆ ಊರಿನ ಅಳತೆ ಮೀರಿ ವಿದ್ಯಾರ್ಥಿಗಳನ್ನು ತುಂಬಿಕೊಂಡದ್ದು ನಿಜ. ಮನೆ ಬಾಡಿಗೆ ಊರಿನವರ ಕೈಗೂ ಎಟುಕದಷ್ಟು ಏರಿದ್ದು ನಿಜ. ನಿಮ್ಮ ನೋವಾ ಸ್ಕೋಷಿಯಾದಲ್ಲೇ 2024ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕುಟುಂಬ ವೈದ್ಯರಿಗಾಗಿ ಹೆಸರು ಬರೆಸಿ ಕಾಯುತ್ತಿದ್ದರು. ತಾತ್ಕಾಲಿಕ ವಾಸಿಗಳ ಪ್ರಮಾಣವನ್ನು ಜನಸಂಖ್ಯೆಯ ಶೇ 5ಕ್ಕೆ ಇಳಿಸಬೇಕೆಂಬ ನಿಮ್ಮ ಸರ್ಕಾರದ ಗುರಿಯೂ ತಪ್ಪಲ್ಲ. ಆದರೆ ತಾತ್ಕಾಲಿಕ ವಾಸಿಗಳ ಸಂಖ್ಯೆ ಇಳಿಸಲು ಎರಡು ದಾರಿಗಳಿವೆ. ಒಬ್ಬನನ್ನು ಊರಿಗೆ ಕಳಿಸುವುದು ಒಂದು. ಆಗಲೇ ತೆರಿಗೆ ಕಟ್ಟುತ್ತಾ, ಬಾಡಿಗೆ ಮನೆಯಲ್ಲಿದ್ದು, ನಿಮ್ಮ ಮುದುಕರನ್ನು ಎತ್ತಿ ಕೂರಿಸುತ್ತಿರುವವನಿಗೆ ಕಾಯಂ ವಾಸ ಕೊಡುವುದು ಇನ್ನೊಂದು. ಅವನಿಗೆ ಹೊಸ ಮನೆ ಕಟ್ಟಬೇಕಿಲ್ಲ. ಅವನು ಎಲ್ಲಿದ್ದಾನೋ ಅಲ್ಲೇ ಇರುತ್ತಾನೆ.

ನಡುವೆ ನಿಯಮ ಬದಲಾದರೆ ಹಳಬರನ್ನು ಹೇಗೆ ನೋಡಬೇಕು ಎಂಬುದು ನಿಮ್ಮ ಇಲಾಖೆಗೆ ಗೊತ್ತಿಲ್ಲದ ವಿದ್ಯೆಯಲ್ಲ. 2024ರ ನವೆಂಬರ್ 1ರಂದು, ಡಿಪ್ಲೊಮಾ ಓದುವವರು ನಿಗದಿತ ವಿಷಯಗಳಲ್ಲಿ ಓದಿದರೆ ಮಾತ್ರ ಕೆಲಸದ ಪರ್ಮಿಟ್ ಎಂಬ ನಿಯಮ ತಂದಿರಿ. ಆದರೆ ಆ ದಿನಕ್ಕೆ ಮೊದಲೇ ಓದಿನ ಪರ್ಮಿಟ್‌ಗೆ ಅರ್ಜಿ ಹಾಕಿದವರಿಗೆ ಅದು ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿರಿ. ನ್ಯಾಯವಾದ ನಡೆ ಅದು. ವಿಷಯದ ಆಯ್ಕೆಯಲ್ಲಿ ಪಾಲಿಸಿದ ಈ ನ್ಯಾಯವನ್ನು ನಾಮನಿರ್ದೇಶನದಲ್ಲಿ ಯಾಕೆ ಪಾಲಿಸಬಾರದು? ಎರಡರಲ್ಲೂ ಪ್ರಶ್ನೆ ಒಂದೇ: ಅವನು ಹೆಜ್ಜೆ ಇಟ್ಟ ದಿನ ನೀವು ಅವನಿಗೆ ಏನು ಹೇಳಿದ್ದಿರಿ?

ಓದದೆ ಕೆಲಸಕ್ಕೇ ನೇರ ಹೋದವರ ಪಾಡು ಇನ್ನೂ ಕಷ್ಟದ್ದು. ಕುಂದಾಪುರದ ಕಡೆಯ ಅಡುಗೆಯವರೊಬ್ಬರು ನನಗೆ ಗೊತ್ತು. ಹದಿನಾರನೇ ವಯಸ್ಸಿಗೆ ಬೆಂಗಳೂರಿನ ಹೋಟೆಲಿನ ದೋಸೆ ಕಾವಲಿ ಮುಂದೆ ನಿಂತವರು, ಈಗ ಮಾಂಕ್ಟನ್‌ನ ಭಾರತೀಯ ಹೋಟೆಲೊಂದರಲ್ಲಿದ್ದಾರೆ. ಅವರ ಪರ್ಮಿಟ್‌ನಲ್ಲಿ ಮಾಲೀಕನ ಹೆಸರೇ ಅಚ್ಚಾಗಿದೆ. ಬೇರೆಡೆ ಕೆಲಸ ಮಾಡುವಂತಿಲ್ಲ. ಅಟ್ಲಾಂಟಿಕ್ ಯೋಜನೆಯಲ್ಲಿ ಫೈಲ್ ಹಾಕಲು ಅವರಿಗೆ ಭಾಷಾ ಪರೀಕ್ಷೆಯಲ್ಲಿ ಐದನೇ ಮಟ್ಟ ಬೇಕು. ಐಇಎಲ್‌ಟಿಎಸ್ ಲೆಕ್ಕದಲ್ಲಿ ಓದಿಗೆ 4, ಬರಹ, ಮಾತು, ಆಲಿಸುವಿಕೆಗೆ ತಲಾ 5. ಕಾಲೇಜಿನ ಮಕ್ಕಳಿಗೆ ಇದು ಲೆಕ್ಕಕ್ಕಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಬೆಟ್ಟ. ರಾತ್ರಿ ಅಡುಗೆಮನೆ ತೊಳೆದು, ಒಂದು ಗಂಟೆಗೆ ರೂಮಿಗೆ ಬಂದು, ಬಾಡಿಗೆ ಮನೆಯ ಪೈಪ್ ಒಡೆದಿದೆ ಎಂದು ಮಾಲೀಕನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಅಭ್ಯಾಸ ಮಾಡುತ್ತಿದ್ದರು. ಬರೆದದ್ದನ್ನು ಫೋಟೊ ತೆಗೆದು ಕಳಿಸಿದರೆ ನಾನು ತಿದ್ದುತ್ತಿದ್ದೆ. ಅಕ್ಷರ ದುಂಡಗೆ, ವಾಕ್ಯ ಸಣ್ಣದು, ಪ್ರತಿ ಪತ್ರದ ಕೊನೆಗೂ 'ಥ್ಯಾಂಕ್ಯೂ ಸರ್, ಐ ಆಮ್ ವೇಟಿಂಗ್'. ಪರೀಕ್ಷೆ ಪಾಸಾದರು. ಆದರೆ ಆ ಫಲಿತಾಂಶ ಎರಡೇ ವರ್ಷ ಊರ್ಜಿತ. ಪ್ರಾಂತ್ಯದ ಪಾಲು ಕಡಿಮೆಯಾಗಿ, ಅಡುಗೆಯವರ ಸರದಿ ಹಿಂದೆ ಸರಿದು, ಅರ್ಜಿ ಹಾಕುವ ಹೊತ್ತಿಗೆ ಅದು ಮುಗಿದಿತ್ತು. ಈಗ ಮತ್ತೆ ಪರೀಕ್ಷೆ ಕಟ್ಟಿದ್ದಾರೆ.

ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವ ಪರ್ಮಿಟ್‌ನಿಂದ ಶೋಷಣೆ ಹುಟ್ಟುತ್ತದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟೊಮೊಯಾ ಒಬೊಕಾಟಾ 2023ರಲ್ಲಿ ನಿಮ್ಮ ದೇಶಕ್ಕೆ ಬಂದು ಹೇಳಿ ಹೋದರು. ದುಡ್ಡಿಗೆ ಕೆಲಸದ ಆಹ್ವಾನ ಪತ್ರ ಮಾರುವ ದಂಧೆ ಎಷ್ಟು ಬೆಳೆಯಿತೆಂದರೆ, 2025ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆಲಸದ ಆಹ್ವಾನಕ್ಕೆ ಸಿಗುತ್ತಿದ್ದ ಅಂಕಗಳನ್ನೇ ನಿಮ್ಮ ಸರ್ಕಾರ ತೆಗೆದುಹಾಕಬೇಕಾಯಿತು. ಮಾರಿದವರ ತಪ್ಪಿಗೆ ಪ್ರಾಮಾಣಿಕವಾಗಿ ಕೆಲಸ ಹುಡುಕಿಕೊಂಡವರೂ ಅಂಕ ಕಳೆದುಕೊಂಡರು. ನಿಯಮ ಪದೇ ಪದೇ ಬದಲಾದಷ್ಟೂ ಈ ದಂಧೆಗೆ ಬಲ. ಪರ್ಮಿಟ್ ಮುಗಿಯುವ ಹೆದರಿಕೆಯಲ್ಲಿರುವವನು ಸಂಬಳ ಕೊಡದ ಮಾಲೀಕನ ವಿರುದ್ಧ ದೂರು ಕೊಡುವುದಿಲ್ಲ, ದಲ್ಲಾಳಿ ಕೇಳಿದಷ್ಟು ಕೊಡುತ್ತಾನೆ.

ಹೋದವರು ಪಿಆರ್ ಸಿಕ್ಕ ಕೂಡಲೇ ಟೊರಾಂಟೊಗೆ ಓಡುತ್ತಾರೆ ಎಂಬ ದೂರು ಸಣ್ಣ ಪ್ರಾಂತ್ಯಗಳದು. ಕೆಲವರು ಹೋಗುತ್ತಾರೆ, ಸುಳ್ಳಲ್ಲ. ನಿಮ್ಮ 1982ರ ಹಕ್ಕುಗಳ ಸನ್ನದಿನ 6ನೇ ವಿಧಿ ಕಾಯಂ ವಾಸಿಗಳಿಗೂ ಯಾವ ಪ್ರಾಂತ್ಯದಲ್ಲಾದರೂ ಬಾಳುವ, ದುಡಿಯುವ ಸ್ವಾತಂತ್ರ್ಯ ಕೊಟ್ಟಿದೆ. ಹಾಗಾಗಿ ಕಾನೂನಿನಿಂದ ಯಾರನ್ನೂ ಹಿಡಿದಿಟ್ಟುಕೊಳ್ಳಲಾಗದು. ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಹಿಂದೆ ಠೇವಣಿ ಇಡುವ ಹಣವಂತರನ್ನು ಉದ್ಯಮಿಗಳೆಂದು ಕರೆತಂದಿತ್ತು. ಅನೇಕರು ಠೇವಣಿಯನ್ನೇ ಬಿಟ್ಟು ಹೊರಟುಹೋದರು. 2018ರಲ್ಲಿ ಆ ದಾರಿಯನ್ನು ಮುಚ್ಚಬೇಕಾಯಿತು. ಅದೇ ದ್ವೀಪದಲ್ಲಿ 2024ರಲ್ಲಿ ಉಪವಾಸ ಕೂತವರು ನಮ್ಮನ್ನು ಇಲ್ಲಿಯೇ ಇರಲು ಬಿಡಿ ಎಂದು ಕೇಳುತ್ತಿದ್ದರು. ಊರಿಗೆ ಯಾರು ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಇನ್ನೇನಿದೆ?

ಜನ ಬಿಟ್ಟುಹೋದ ಊರು ಹೇಗಿರುತ್ತದೆ ಎಂಬುದು ನಮಗೂ ಗೊತ್ತು. ನಮ್ಮ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ನಿಮ್ಮ ಕೇಪ್ ಬ್ರೆಟನ್‌ನಲ್ಲಿ ಉಳಿದಿದ್ದ ಕೊನೆಯ ಸರ್ಕಾರಿ ಕಲ್ಲಿದ್ದಲು ಗಣಿಯೂ ಮುಚ್ಚಿತು, ಆ ಹೊತ್ತಿಗೆ ಸಿಡ್ನಿಯ ಉಕ್ಕಿನ ಕಾರ್ಖಾನೆಯೂ ನಿಂತಿತ್ತು. ನಮ್ಮ ಗಣಿಯ ಊರಾದ ಕೆಜಿಎಫ್‌ನ ಮಕ್ಕಳು ಇಂದಿಗೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಆ ಊರಿಗೆ ಹೊಸಬರು ಬರಲಿಲ್ಲ. ನಿಮ್ಮ ಸಿಡ್ನಿಗೆ ಬಂದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳೇ ಬಹುಪಾಲಾದರು. ನೋವಾ ಸ್ಕೋಷಿಯಾದ ಜನಸಂಖ್ಯೆ 2021ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಹತ್ತು ಲಕ್ಷ ದಾಟಿದಾಗ ಪ್ರಾಂತ್ಯವೇ ಸಂಭ್ರಮಿಸಿತು. ಆ ಹತ್ತು ಲಕ್ಷದಲ್ಲಿ ಈ ಮಕ್ಕಳ ಲೆಕ್ಕವೂ ಇತ್ತು.

ಇನ್ನು ನಮ್ಮ ಊರುಗಳ ತಂದೆತಾಯಂದಿರಿಗೆ ಒಂದೆರಡು ಮಾತು. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ನೋಡಿ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆ ಸರಿಯೇ. ಆದರೆ ಅದನ್ನು ನೋಡಿ ತೋಟ ಅಡ ಇಡಬೇಡಿ. ಓದಿನ ವೀಸಾ ಪಿಆರ್ ಅಲ್ಲ. 'ಪಿಆರ್ ಗ್ಯಾರಂಟಿ' ಎಂದು ಬೋರ್ಡ್ ಹಾಕಿದವರು ಯಾರೇ ಆಗಲಿ, ಕೊಡಲಾಗದ್ದನ್ನು ಮಾರುತ್ತಿದ್ದಾರೆ. ಕೆನಡಾದ ವಲಸೆ ಅರ್ಜಿಗೆ ಶುಲ್ಕ ಪಡೆದು ಸಲಹೆ ಕೊಡುವ ಅಧಿಕಾರ ಅಲ್ಲಿನ ಪ್ರಾಂತೀಯ ವಕೀಲರ ಸಂಘಗಳ ಸದಸ್ಯರಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿಸಿದವರಿಗೆ ಮಾತ್ರ. ಆ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಖರ್ಚಿಗೆ ಹಣವಿದೆ ಎಂದು ತೋರಿಸಬೇಕಾದ ಮೊತ್ತವೇ 2024ರ ಜನವರಿಯಲ್ಲಿ 10,000 ಡಾಲರಿನಿಂದ 20,635 ಡಾಲರಿಗೆ ಏರಿತು. ಅದು ಶುಲ್ಕ ಬಿಟ್ಟು. ದುಡ್ಡು ಕೊಟ್ಟು ಕೆಲಸದ ಆಹ್ವಾನ ಪತ್ರ ಕೊಳ್ಳುವುದಂತೂ ಅಪರಾಧ, ಮಗುವಿನ ಭವಿಷ್ಯವನ್ನೇ ಅಲ್ಲಿ ಮುಗಿಸುವಂಥದ್ದು.

ಮತ್ತೆ ನಿಮ್ಮ ಕಡೆಗೆ, ಸಚಿವರೇ. ಸಂಖ್ಯೆ ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ನಾಳೆ ಬರುವವರಿಗೆ ಯಾವ ನಿಯಮ ಬೇಕಾದರೂ ಮಾಡಿ. ಅದನ್ನು ಅವರು ಹೊರಡುವ ಮುಂಚೆ ಹೇಳಿ, ಅಷ್ಟು ಸಾಕು. ಕೆನಡಾದಲ್ಲಿ ಆಗಲೇ ಬೇರುಬಿಟ್ಟ 33,000 ಕೆಲಸಗಾರರಿಗೆ 2026 ಮತ್ತು 2027ರಲ್ಲಿ ಕಾಯಂ ವಾಸ ಕೊಡುವುದಾಗಿ ನಿಮ್ಮ ಸರ್ಕಾರ ಪ್ರಕಟಿಸಿದೆ. ಆ ಪಟ್ಟಿಯಲ್ಲಿ ದೊಡ್ಡ ನಗರಗಳಿಗಿಂತ ಮೊದಲು, ನೀವು ಕರೆದ ಸಣ್ಣ ಊರುಗಳಲ್ಲಿ ಓದಿ, ದುಡಿದು, 2024 ಮತ್ತು 2025ರ ಕಡಿತಕ್ಕೆ ಸಿಕ್ಕಿಬಿದ್ದವರನ್ನು ಪರಿಗಣಿಸಿ. ಅವರ ಅರ್ಜಿ ಮುಗಿಯುವವರೆಗೆ ಯಾವ ಮಾಲೀಕನಿಗೂ ಕಟ್ಟಿಹಾಕದ ಪರ್ಮಿಟ್ ಕೊಡಿ. ನಾಮನಿರ್ದೇಶನದ ನಿಯಮ ಯಾವಾಗ ಬದಲಾದರೂ, ಆ ದಿನ ಆ ಪ್ರಾಂತ್ಯದಲ್ಲಿ ಓದುತ್ತಿದ್ದ ಮತ್ತು ಕೆಲಸದಲ್ಲಿದ್ದ ಎಲ್ಲರಿಗೂ ಹಳೆಯ ನಿಯಮವೇ ಅನ್ವಯ ಎಂದು ಪ್ರಾಂತ್ಯಗಳ ಜೊತೆಗಿನ ಒಪ್ಪಂದದಲ್ಲೇ ಬರೆಯಿಸಿ.

ಇತಿ,
ಕರ್ನಾಟಕದ ಒಬ್ಬ ಮೇಷ್ಟರು